ತುದಿಯ ಸ್ವರವಿಲ್ಲದ ಹಾಡು

ಮಗ ಹೋದನೆಂಬ ಸುದ್ದಿ ಬಂದ ಬೆಳಿಗ್ಗೆ ಕೌಂಟರಮ್ಮ ಇಲಿ ಮೆಷಿನ್ನಿನ, ಅಂದರೆ ಇಲಿ ಓಡುವ ಹಳೆಯ ವಿಡಿಯೋ ಗೇಮಿನ, ಗಾಜು ಒರೆಸುತ್ತಿದ್ದಳು. ಪ್ರಾರ್ಥನೆ ಮುಗಿಸಿ ಎದ್ದವಳು ದಿನವೂ ಮೊದಲು ಮಾಡುತ್ತಿದ್ದ ಕೆಲಸವೇ ಅದು. ಮೆಷಿನ್ನಿನ ಸ್ವಿಚ್ಚು ಹಾಕಬೇಕು, ಗಾಜು ಒರೆಸಬೇಕು, ಅದು ತನ್ನ ಹಾಡು ಶುರು ಮಾಡಿದ ಮೇಲೆಯೇ ಒಲೆಯ ಕಡೆ ಹೋಗಬೇಕು. ಫೋನು ಬಂದಾಗ ಪರದೆಯ ಮೇಲಿನ ಇಲಿ ದೀಪ ಹಿಡಿದುಕೊಂಡು ಸುರಂಗದೊಳಗೆ ಓಡುತ್ತಿತ್ತು. ಹಾಡು ಗಟ್ಟಿಯಾಗಿ ನುಡಿಯುತ್ತಿತ್ತು.

"ಕೇಳಿಸ್ತಿಲ್ಲ ಕಣೇ, ಜೋರಾಗಿ ಹೇಳು," ಎಂದಳು ಕೌಂಟರಮ್ಮ.

ಆ ಕಡೆ ಇದ್ದವಳು ಸೀಟಿ, ಮಗನ ಜೊತೆ ಸಂಗೀತದ ಕೆಲಸ ಮಾಡುತ್ತಿದ್ದ ಹುಡುಗಿ. ಎರಡು ಬೆರಳು ಬಾಯಿಗಿಟ್ಟು ಊದಿದರೆ ಪಕ್ಕದ ಬೀದಿಯವರೂ ತಿರುಗಿ ನೋಡಬೇಕು, ಹಾಗೆ ಸೀಟಿ ಹೊಡೆಯುತ್ತಿದ್ದುದರಿಂದ ಅವಳಿಗೆ ಆ ಹೆಸರು. ಅಂಥ ಮಾತನ್ನು ಯಾರೂ ಕೂಗಿ ಹೇಳಬಾರದು. ಪಾಪ, ಹುಡುಗಿ ಕೂಗಿಯೇ ಹೇಳಬೇಕಾಯಿತು. ಕಾರ್ಯಕ್ರಮ ಮುಗಿಸಿಕೊಂಡು ಬರುತ್ತಿದ್ದ ವ್ಯಾನು ತಿರುವಿನಲ್ಲಿ ಮಗುಚಿತ್ತು. ಉಳಿದವರಿಗೆ ತರಚು ಗಾಯ. ಅವನೊಬ್ಬನೇ ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ.

ಕೌಂಟರಮ್ಮ ಫೋನು ಕೆಳಗಿಟ್ಟಳು. ಕೈಯಲ್ಲಿ ಬಟ್ಟೆ ಇತ್ತು. ಉಳಿದ ಅರ್ಧ ಗಾಜನ್ನೂ ಒರೆಸಿದಳು. ಆಮೇಲೆ ಮೆಷಿನ್ನಿಗೆ ಹಣೆ ಆನಿಸಿ ನಿಂತುಕೊಂಡಳು. ಅದರ ಎದೆಯೊಳಗಿನ ಗುಂಯ್‌ಗುಟ್ಟುವಿಕೆ ಹಣೆಗೆ ತಾಗುತ್ತಿತ್ತು.

ಸುದ್ದಿ ಮುಟ್ಟಿ ಮೊದಲು ಓಡಿಬಂದವರು ಭಾವ, ಸತ್ತ ಗಂಡನ ಅಣ್ಣ. ಬಟ್ಟೆ ಅಂಗಡಿಯ ಮಾಲೀಕರು, ಪ್ರಾರ್ಥನಾ ಮಂದಿರದ ಸಮಿತಿಗೆ ಅಧ್ಯಕ್ಷರು. ತಮ್ಮನ ಮಗನನ್ನು ಹೆಗಲ ಮೇಲೆ ಹೊತ್ತು ತಿರುಗಿದವರೇ. ಆದರೆ ದುಃಖಕ್ಕೂ ಒಂದು ಶಿಸ್ತು ಇರಬೇಕೆಂದು ನಂಬಿದ ಮನುಷ್ಯ. ಬಾಗಿಲಲ್ಲೇ ಮುಖ ಗಂಟು ಹಾಕಿದರು.

"ಏನಮ್ಮ ಇದು? ಸಾವಿನ ಮನೇಲಿ ಈ ಗಲಾಟೆ?"

ಹೀಗೆಂದವರೇ ಬಗ್ಗಿ, ಗೋಡೆಯಿಂದ ಪ್ಲಗ್ಗು ಕಿತ್ತರು. ಇಲಿ ಓಡುತ್ತಿದ್ದಲ್ಲೇ ಮಾಯವಾಯಿತು. ಅಲ್ಲಿಯವರೆಗೆ ಕೌಂಟರಮ್ಮನ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಮನೆ ಮೌನವಾದ ಮೇಲೆ ಬಂತು.

ಆಕೆಗೆ ಕೌಂಟರಮ್ಮ ಎಂಬ ಹೆಸರು ಬಂದದ್ದು ಹಳೆಯ ಕಥೆ. ಗಂಡನೂ ಆಕೆಯೂ ಸೇರಿ ಇದೇ ಮನೆಯ ಕೆಳಗಿನ ಅಂತಸ್ತಿನಲ್ಲಿ ವಿಡಿಯೋ ಗೇಮ್ ಅಂಗಡಿ ನಡೆಸುತ್ತಿದ್ದರು. ಗೋಡೆಯುದ್ದಕ್ಕೂ ಬೀರುವಿನಂಥ ಮೆಷಿನ್ನುಗಳು, ಒಂದೊಂದಕ್ಕೂ ಒಂದೊಂದು ಹಾಡು. ಎಲ್ಲವೂ ಒಟ್ಟಿಗೆ ನುಡಿದರೆ ಸಂತೆಗೆ ಬೆಂಕಿ ಬಿದ್ದ ಹಾಗೆ. ಗಂಡ ರಿಪೇರಿ ನೋಡಿಕೊಳ್ಳುತ್ತಿದ್ದ, ಆಕೆ ಬಾಗಿಲ ಬಳಿಯ ಕೌಂಟರಿನಲ್ಲಿ ಕೂತು ಟೋಕನ್ ಕೊಡುತ್ತಿದ್ದಳು. ಬಾಯಲ್ಲಿ ದೇವರ ನಾಮ, ಕೈಯಲ್ಲಿ ಟೋಕನ್. ಎರಡಕ್ಕೂ ಜಗಳವಿದೆಯೆಂದು ಆಕೆಗೆ ಯಾವತ್ತೂ ಅನ್ನಿಸಲಿಲ್ಲ. ಆಮೇಲೆ ಆಟಗಳೆಲ್ಲ ಜನರ ಕಿಸೆಯೊಳಗಿನ ಫೋನಿಗೆ ಇಳಿದವು, ಅಂಗಡಿ ಮುಚ್ಚಿತು, ಗಂಡ ತೀರಿಕೊಂಡ. ಮೆಷಿನ್ನುಗಳನ್ನು ಯಾರು ಯಾರೋ ಒಯ್ದರು. ಇಲಿ ಮೆಷಿನ್ನು ಮಾತ್ರ ಯಾರಿಗೂ ಬೇಡವಾಯಿತು, ಏಕೆಂದರೆ ಅದಕ್ಕೊಂದು ಊನವಿತ್ತು.

ಇಲಿಯ ಹಾಡು ಏಣಿ ಹತ್ತುವಂಥದ್ದು. ಪುಟಪುಟನೆ ಮೆಟ್ಟಿಲೇರಿ, ತುದಿಯಲ್ಲೊಂದು ಸ್ವರ ಹೊಡೆದು, ಜಾರಿ ಕೆಳಗೆ ಬಂದು ಮತ್ತೆ ಶುರುವಾಗಬೇಕು. ಇವರ ಮೆಷಿನ್ನಿನೊಳಗೆ ಒಂದು ಎಲೆಕ್ಟ್ರಾನಿಕ್ ಚಿಪ್ಪಿನ ಮೂಲೆ ಸುಟ್ಟುಹೋಗಿ, ಆ ತುದಿಯ ಸ್ವರವೇ ಬರುತ್ತಿರಲಿಲ್ಲ. ಏರಿ, ಏರಿ, ಇನ್ನೇನು ಎನ್ನುವಾಗ ಖಾಲಿ. ಆಮೇಲೆ ಏನೂ ಆಗಿಲ್ಲವೆಂಬಂತೆ ಜಾರಿ ಕೆಳಗೆ. ಗಂಡ ಆ ಚಿಪ್ಪಿಗಾಗಿ ಅಲೆದು ಸೋತಿದ್ದ. "ಆಡೋರಿಗೆ ಇಲಿ ಓಡಿದ್ರೆ ಸಾಕು ಬಿಡು, ಹಾಡು ಯಾರಿಗೆ ಬೇಕು," ಎಂದಿದ್ದ.

ಮಗನಿಗೆ ಬೇಕಾಗಿತ್ತು. ಚಿಕ್ಕವನಿದ್ದಾಗ ನೆಂಟರ ಊರಿನ ಅಂಗಡಿಯೊಂದರಲ್ಲಿ ಅದೇ ಆಟ ನೋಡಿ, ಸಿಟ್ಟಿನಿಂದ ಉರಿಯುತ್ತ ಮನೆಗೆ ಬಂದಿದ್ದ. "ಅಮ್ಮ, ಅವರ ಇಲಿ ತಪ್ಪು ಹಾಡ್ತದೆ! ಮೇಲೆ ಹೋಗಿ ಕಿರುಚ್ತದೆ!" ಗಂಡ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ದೊಡ್ಡವನಾದ ಮೇಲೆ ಅದೇ ಅವನ ಜೀವನವಾಯಿತು. ಹಗಲು ಸ್ಪೀಕರ್ ರಿಪೇರಿ. ವಾರದ ಕೊನೆಗೆ ಹಳೆಯ ಗೋದಾಮಿನಲ್ಲಿ ಸಂಗೀತ. ಅಂಗಡಿಯ ಕಾಲದ ಆಟಗಳ ಹಾಡುಗಳನ್ನೆಲ್ಲ ಹುಡುಕಿ ತೆಗೆದು, ಅವುಗಳ ಕೆಳಗೆ ಟೆಕ್ನೋ ಎಂಬ ಕುಣಿತದ ಸಂಗೀತದ ಡೋಲು ಹಾಕಿ, ಹಿಗ್ಗಿಸಿ, ಕುಗ್ಗಿಸಿ, ಕತ್ತರಿಸಿ, ಮತ್ತೆ ಹೊಲಿದು ಜನರನ್ನು ಕುಣಿಸುತ್ತಿದ್ದ. ಹಳೆಯ ಆಟಗಳಲ್ಲಿ ಆಡುವವನಿಗೆ ಮೂರು ಸಲ ಸಾಯುವ ಅವಕಾಶವಿರುತ್ತಿತ್ತಲ್ಲ, ಅದನ್ನೇ ಹಿಡಿದು ವೇದಿಕೆಯ ಮೇಲೆ "ಮೂರು ಜೀವ" ಎಂದು ಕರೆಸಿಕೊಳ್ಳುತ್ತಿದ್ದ. ದೇವರು ಕೊಟ್ಟಿದ್ದು ಒಂದನ್ನೇ.

ಕೌಂಟರಮ್ಮ ಆ ಗೋದಾಮಿಗೆ ಒಮ್ಮೆ ಹೋಗಿದ್ದಳು. ಮಗ ಊಟದ ಡಬ್ಬಿ ಮರೆತುಹೋಗಿದ್ದನೆಂಬ ನೆಪ. ಕಿವಿಗೆ ಹತ್ತಿ ತುರುಕಿಕೊಂಡು, ಡಬ್ಬಿಯನ್ನು ಎದೆಗವಚಿಕೊಂಡು ಗೋಡೆ ಬದಿಗೆ ನಿಂತಳು. ಡೋಲಿನ ಏಟಿಗೆ ಡಬ್ಬಿಯ ಮುಚ್ಚಳ ತಾನಾಗಿಯೇ ಗಲಗಲ ಎನ್ನುತ್ತಿತ್ತು. ಅಷ್ಟರಲ್ಲಿ ಇಲಿಯ ಹಾಡು ಕೇಳಿಸಿತು. ತನ್ನ ಮನೆಯ ಇಲಿಯೇ, ಆದರೆ ಆನೆಯಷ್ಟು ದೊಡ್ಡದಾಗಿದೆ. ಮೆಟ್ಟಿಲು ಏರಿತು, ಏರಿತು, ಜನರೆಲ್ಲ ಕೈಯೆತ್ತಿದರು. ತುದಿಯಲ್ಲಿ ಡೋಲೂ ನಿಂತಿತು, ಹಾಡೂ ನಿಂತಿತು. ಆ ಖಾಲಿ ಜಾಗದಲ್ಲಿ ಇಡೀ ಗೋದಾಮು ಒಂದೇ ಕಾಲಿನಿಂದ ನೆಲಕ್ಕೆ ಒದೆಯಿತು. ಧಡ್! ನೆಲ ಅದುರಿತು. ಮನೆಯ ಮೆಷಿನ್ನಿನ ಬಿದ್ದ ಹಲ್ಲಿನ ಜಾಗವನ್ನು ಅವನು ಜನರಿಗೆ ಬಿಟ್ಟುಕೊಟ್ಟಿದ್ದ. ಆ ಸಂಜೆ ಆಕೆ ಡಬ್ಬಿ ಕೊಡುವುದನ್ನೇ ಮರೆತು ಮನೆಗೆ ತಂದಳು.

ಇದೆಲ್ಲ ಭಾವನವರಿಗೆ ಗೊತ್ತಿರಲಿಲ್ಲ. ಗೊತ್ತಾಗುವುದು ಅವರಿಗೆ ಬೇಕಾಗಿಯೂ ಇರಲಿಲ್ಲ. ಮಣ್ಣಿನ ಕೆಲಸ ಮುಗಿದ ಮೇಲೆ ಸ್ಮರಣೆಯ ಪ್ರಾರ್ಥನೆಯ ಮಾತು ಬಂತು.

"ಅವನು ಏನು ಕೆಲಸ ಮಾಡ್ತಿದ್ದ ಅಂತ ಹೇಳೋಣಮ್ಮ?" ಎಂದು ಕೇಳಿದರು.

"ಸಂಗೀತ."

"ಸಂಗೀತ ಅಂದ್ರೆ ಜನ ನಗ್ತಾರೆ. ಡಬ್ಬಾದೊಳಗೆ ಇಲಿ ಕಿರುಚೋದನ್ನ ಯಾರಾದ್ರೂ ಸಂಗೀತ ಅಂತಾರಾ? ಸ್ಪೀಕರ್ ರಿಪೇರಿ ಅಂತ ಹೇಳೋಣ. ಸುಳ್ಳೇನೂ ಅಲ್ವಲ್ಲ."

"ಸುಳ್ಳಲ್ಲ ಭಾವ. ಆದ್ರೆ ನಿಮ್ಮನ್ನ ಬಟ್ಟೆ ಮಡಚೋರು ಅಂದ್ರೆ ಅದೂ ಸುಳ್ಳಲ್ಲ."

ಭಾವ ಕೆಮ್ಮಿದರು. ಅಷ್ಟು ಹೊತ್ತಿಗೆ ಸೀಟಿ ಬಂದಳು. ಹಣೆಗೆ ಪಟ್ಟಿ, ಮೈಮೇಲೆ ಕಪ್ಪು ಅಂಗಿ, ಕೂದಲು ಒಂದು ಪಕ್ಕ ನೀಲಿ. ಒಳಗೆ ಬಂದು ಗೋಡೆಗೊರಗಿ ಕೂತು ಕೌಂಟರಮ್ಮನ ಕೈ ಹಿಡಿದುಕೊಂಡಳು.

"ಅಮ್ಮ, ಅವನ ಕೊನೇದು ಒಂದಿದೆ. ಇಲೀದೇ ಹಾಡು, ಹೊಸದಾಗಿ ಕಟ್ತಿದ್ದ. ವ್ಯಾನಲ್ಲೂ ಅದನ್ನೇ ಕೆದಕ್ತಾ ಕೂತಿದ್ದ. ಎಲ್ಲ ಆಗಿದೆ, ಮುಗಿಸೋದು ಹೇಗೆ ಅಂತ ಮಾತ್ರ ಗೊತ್ತಾಗ್ಲಿಲ್ಲ ಅವನಿಗೆ. ಪ್ರಾರ್ಥನೆ ದಿನ ಅದನ್ನ ಹಾಕೋಣ್ವಾ?"

"ಎಲ್ಲಿ, ಮಂದಿರದಲ್ಲಾ?" ಭಾವ ಎದ್ದು ನಿಂತರು. "ಅಲ್ಲಿ ಕುಣೀಬೇಕು ಅಂತಿದೀಯಾ? ಸತ್ತವನ ಶಾಂತಿಗೆ ಸೇರೋದು ಕಣಮ್ಮ ನಾವು, ಮೆರವಣಿಗೆಗಲ್ಲ."

"ನಾವು ಅಳೋದೇ ಕುಣಿದು, ದೊಡ್ಡಪ್ಪ."

"ನಾನು ನಿನಗೆ ಯಾವ ಸೀಮೆ ದೊಡ್ಡಪ್ಪ?"

"ಅವನಿಗೆ ದೊಡ್ಡಪ್ಪ ಅಂದ್ಮೇಲೆ ನನಗೂ ಅದೇ. ಬೇಡ ಅಂದ್ರೆ ಸಣ್ಣಪ್ಪ ಅಂತೀನಿ."

ಸಾವಿನ ಮನೆಯಲ್ಲಿ ಕೌಂಟರಮ್ಮನಿಗೆ ಮೊದಲ ಸಲ ನಗು ಬಂತು. ಭಾವನವರಿಗೆ ಬರಲಿಲ್ಲ. ಜಗಳ ಬೆಳೆಯುತ್ತಿತ್ತೇನೋ, ಭಾವನವರ ಜೊತೆ ಬಂದು ಕೂತಿದ್ದ ಮಂದಿರದ ಮಾಸ್ತರು ನಡುವೆ ಬಾಯಿ ಹಾಕಿದರು. ಪ್ರಾರ್ಥನೆಗಳಿಗೆ ಕೀಬೋರ್ಡು ನುಡಿಸುವ ಸಾಧು ಮನುಷ್ಯ. "ಆ ಹಾಡನ್ನ ನಾನೇ ನುಡಿಸ್ತೀನಿ ಬಿಡಿ. ಡೋಲು ಬೇಡ, ನಿಧಾನವಾಗಿ. ಹುಡುಗನ ಹಾಡೂ ಆಯ್ತು, ಮಂದಿರದ ಗೌರವಾನೂ ಉಳೀತು. ಏನಂತೀರಿ?"

ಕೌಂಟರಮ್ಮನಿಗೆ ಅಂದು ವಾದ ಮಾಡುವ ಶಕ್ತಿ ಇರಲಿಲ್ಲ. "ಆಗಲಿ," ಎಂದಳು. ಸೀಟಿ ಕೈ ಬಿಡಿಸಿಕೊಂಡು ಎದ್ದಳು. "ನಿಮ್ಮಿಷ್ಟ ಅಮ್ಮ. ಪ್ರಾರ್ಥನೆ ಮುಗಿದ ಮೇಲೆ ಗೋದಾಮಲ್ಲಿ ನಾವು ನಮ್ಮ ಪಾಡಿಗೆ ಹಾಕ್ಕೋತೀವಿ," ಎಂದು ಹೊರಟುಹೋದಳು. ಆ ದನಿಯಲ್ಲಿ ಕೋಪವಿದ್ದರೆ ಚೆನ್ನಾಗಿತ್ತು. ಬರೀ ದಣಿವು ಇತ್ತು.

ಪ್ರಾರ್ಥನೆಯ ದಿನ ಮಂದಿರ ತುಂಬಿತ್ತು. ಮುಂದಿನ ಬೆಂಚುಗಳಲ್ಲಿ ಸಮಿತಿಯವರು, ನೆಂಟರು, ಬೀದಿಯವರು. ಹಿಂದಿನ ಗೋಡೆಗೆ ಅಂಟಿಕೊಂಡಂತೆ ಕಪ್ಪು ಅಂಗಿಯ ಹುಡುಗ ಹುಡುಗಿಯರು. ಅವರ ಸ್ಪೀಕರುಗಳನ್ನು ಹೊತ್ತ ಬೇರೊಂದು ವ್ಯಾನು ಬಾಗಿಲ ಹೊರಗೆ ನಿಂತಿತ್ತು, ಅಲ್ಲಿಂದ ನೇರ ಗೋದಾಮಿಗೆ ಹೋಗಬೇಕಲ್ಲ. ಭಾವ ಎದ್ದು ಸೊಗಸಾಗಿ ನಾಲ್ಕು ಮಾತಾಡಿದರು. ಸತ್ತವನು ವಿನಯವಂತ, ತಾಯಿಗೆ ಒಬ್ಬನೇ ಮಗ, ಎಲೆಕ್ಟ್ರಿಕ್ ಸಾಮಾನುಗಳ ರಿಪೇರಿಯಲ್ಲಿ ಎತ್ತಿದ ಕೈ ಎಂದರು. ಕೌಂಟರಮ್ಮ ನೆಲ ನೋಡುತ್ತ ಕೂತಿದ್ದಳು. ಯಾರೋ ಬೇರೆಯವರ ಮಗನ ಪ್ರಾರ್ಥನೆಗೆ ತಪ್ಪಿ ಬಂದಂತೆ ಆಕೆಗೆ ಅನ್ನಿಸುತ್ತಿತ್ತು.

ಮಾಸ್ತರು ನುಡಿಸತೊಡಗಿದರು. ಇಲಿ ನಿಧಾನವಾಗಿ, ಕಾಲಿಗೆ ಮುಳ್ಳು ಹೊಕ್ಕಂತೆ ಮೆಟ್ಟಿಲೇರಿತು. "ಎಷ್ಟು ಇಂಪಾಗಿದೆ," ಎಂದು ಪಕ್ಕದವಳು ಕಣ್ಣೊರೆಸಿಕೊಂಡಳು. ಕೌಂಟರಮ್ಮನ ಎದೆಯೂ ಕರಗುತ್ತ ಬಂದಿತ್ತು. ಏರಿತು, ಏರಿತು, ತುದಿಗೆ ಬಂತು.

ತುದಿಯ ಸ್ವರ ಟಣ್ಣೆಂದು ನುಡಿಯಿತು.

ಕೌಂಟರಮ್ಮ ಬೆಚ್ಚಿದಳು. ಯಾರೋ ಗುರುತಿಲ್ಲದವನು ಮಗನ ಅಂಗಿ ತೊಟ್ಟು ಮನೆಯೊಳಗೆ ಬಂದು ನಿಂತ ಹಾಗಾಯಿತು. ಕೈತಪ್ಪಿರಬೇಕು ಎಂದುಕೊಂಡಳು. ಹಾಡು ಜಾರಿ ಕೆಳಗಿಳಿದು ಮತ್ತೆ ಏರಿತು. ಮತ್ತೆ ತುದಿಯಲ್ಲಿ ಟಣ್ಣೆಂದಿತು. ತುಂಬು ಸ್ವರ, ತಪ್ಪಿಲ್ಲದ ಸ್ವರ. ಹಿಂದಿನ ಗೋಡೆಯ ಬಳಿ ಸೀಟಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ನಿಲ್ಲಿಸಿ ಮಾಸ್ತರೇ."

ಕೌಂಟರಮ್ಮ ಯಾವಾಗ ಎದ್ದಳೋ ಆಕೆಗೇ ತಿಳಿಯಲಿಲ್ಲ. ಮಾಸ್ತರ ಬೆರಳು ಗಾಳಿಯಲ್ಲೇ ನಿಂತವು.

"ಯಾಕಮ್ಮ? ತಪ್ಪಾಯ್ತಾ? ಅವನ ರೆಕಾರ್ಡಿಂಗ್ ಕೇಳೇ ಕಲಿತೆ. ಮೇಲಿನ ಸ್ವರ ಒಂದು ಬಿಟ್ಟುಹೋಗಿತ್ತು. ಆಟದ ಮೂಲ ಹಾಡು ಹುಡುಕಿ ತುಂಬಿಸಿದೆ. ಹೋದ ಹುಡುಗನ ಕೆಲಸದಲ್ಲಿ ಕೊರತೆ ಕಾಣಬಾರದು ಅಂತ." ಮಾಸ್ತರ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ.

"ನಿಮ್ಮ ಮನಸ್ಸು ದೊಡ್ಡದು ಮಾಸ್ತರೇ. ಆದ್ರೆ ಅದು ಬಿಟ್ಟುಹೋಗಿದ್ದಲ್ಲ. ನಮ್ಮನೆ ಮೆಷಿನ್ನಲ್ಲಿ ಆ ಸ್ವರ ಇರಲೇ ಇಲ್ಲ. ಅವನು ಹುಟ್ಟಿದಾಗಿಂದ ಕೇಳಿದ್ದೇ ಹಾಗೆ, ಕಟ್ಟಿದ್ದೂ ಹಾಗೇ. ನೀವು ತುಂಬಿಸಿದ್ರೆ ಅದು ಊರೋರ ಇಲಿ ಆಗ್ತದೆ. ನನ್ನ ಮಗ ಅಲ್ಲಿರಲ್ಲ."

"ಕೂತ್ಕೊಳ್ಳಮ್ಮ," ಎಂದರು ಭಾವ, ಹಲ್ಲು ಕಚ್ಚಿದ ದನಿಯಲ್ಲಿ. "ಎಲ್ಲ ನೋಡ್ತಿದಾರೆ."

"ನೋಡ್ಲಿ ಅಂತಲೇ ನಿಂತಿದೀನಿ ಭಾವ." ಆಕೆ ಹಿಂದಕ್ಕೆ ತಿರುಗಿದಳು. "ಸೀಟಿ, ವ್ಯಾನಲ್ಲಿರೋದನ್ನ ಒಳಗೆ ತಗೊಂಡು ಬಾ."

ಸೀಟಿ ಎರಡನೆಯ ಮಾತಿಗೆ ಕಾಯಲಿಲ್ಲ. ಬೆರಳು ಬಾಯಿಗಿಟ್ಟಳು. ಮಂದಿರದ ಗಾಜುಗಳು ಝಲ್ಲೆನ್ನುವಂತೆ ಒಂದು ಸೀಟಿ. ಕಪ್ಪು ಅಂಗಿಗಳೆಲ್ಲ ಬಾಗಿಲಿಗೆ ಹರಿದವು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಷ್ಟರಲ್ಲಿ ಸ್ಪೀಕರುಗಳು ಮೆಟ್ಟಿಲು ಹತ್ತಿ ಬರುತ್ತಿದ್ದವು. ಭಾವ ದಡದಡನೆ ನಡೆದು ಪಕ್ಕದ ಗೋಡೆಯ ಸ್ವಿಚ್ಚುಗಳ ಹಲಗೆಯ ಮುಂದೆ ನಿಂತು ಸ್ವಿಚ್ಚಿನ ಮೇಲೆ ಕೈ ಇಟ್ಟರು.

"ಒಂದು ಸಲ ಕಿತ್ತಿರಿ, ನಾನು ಸುಮ್ಮನಿದ್ದೆ," ಎಂದಳು ಕೌಂಟರಮ್ಮ. ದನಿ ಏರಿಸಲಿಲ್ಲ. ಆದರೂ ಮಂದಿರಕ್ಕೆಲ್ಲ ಕೇಳಿಸಿತು. "ಇವತ್ತು ಸುಮ್ಮನಿರಲ್ಲ."

"ಇದು ದೇವರ ಮನೆ ಕಣಮ್ಮ! ಸತ್ತವನ ಆತ್ಮಕ್ಕೆ ಶಾಂತಿ ಕೋರೋ ಜಾಗ!"

"ದೇವರ ಮನೆ ಅಂತ ನನಗೆ ನೀವು ಹೇಳಿಕೊಡಬೇಡಿ. ನಿಮ್ಮ ಮನೆಗೆ ಸೊಸೆಯಾಗಿ ಬಂದಾಗಿಂದ ನಾನು ಒಂದು ದಿನ ಪ್ರಾರ್ಥನೆ ತಪ್ಪಿಸಿದ್ದು ನೀವು ನೋಡಿದೀರಾ? ಶಾಂತಿ ಶಾಂತಿ ಅಂತೀರಿ. ಶಾಂತಿ ಅಂದ್ರೆ ಸದ್ದಿಲ್ಲದಿರೋದು ಅಂತ ನಿಮಗೆ ಯಾರು ಹೇಳಿದ್ರು? ನನ್ನ ಮಗ ಕೌಂಟರಿನ ಕೆಳಗೆ, ಅಷ್ಟೂ ಮೆಷಿನ್ನು ಬಡ್ಕೋತಿರುವಾಗ, ಕೈ ಬಾಯಲ್ಲಿಟ್ಟುಕೊಂಡು ನಿದ್ದೆ ಮಾಡ್ತಿದ್ದ. ಅಂಗಡಿ ಮುಚ್ಚಿ ನಿಮ್ಮ ತಮ್ಮ ಒಂದೊಂದೇ ಸ್ವಿಚ್ಚು ಆರಿಸಿದ್ರೆ, ಕೊನೇದು ಆರಿದ ಕೂಡ್ಲೇ ಎದ್ದು ಚೀರ್ತಿದ್ದ. ಅವನು ಹೆದರ್ತಿದ್ದಿದ್ದೇ ಮೌನಕ್ಕೆ. ಮಣ್ಣೊಳಗೆ ಬೇಕಾದಷ್ಟು ಮೌನ ಕೊಟ್ಟು ಬಂದಿದೀರಿ. ಇಲ್ಲೂ ಅದನ್ನೇ ಕೊಡ್ತೀರಾ?"

ಭಾವನವರ ಕೈ ಸ್ವಿಚ್ಚಿನ ಮೇಲೆಯೇ ಇತ್ತು. ಒತ್ತಲಿಲ್ಲ. ತೆಗೆಯಲೂ ಇಲ್ಲ.

"ಇಷ್ಟಾದ ಮೇಲೂ ಆರಿಸ್ತೀರಾದ್ರೆ ಆರಿಸಿ," ಎಂದಳು ಆಕೆ. "ನಾನು ಬಾಯಲ್ಲೇ ಹಾಡ್ತೀನಿ. ನನ್ನ ಗಂಟಲು ಕತ್ತೆಗೂ ಬೇಡ, ನಿಮಗೇ ಗೊತ್ತು."

ಯಾರೋ ಮುಸಿಮುಸಿ ನಕ್ಕರು. ಭಾವನವರ ಕೈ ಕೆಳಗಿಳಿಯಿತು.

ಸೀಟಿ ಲ್ಯಾಪ್‌ಟಾಪು ತೆರೆದು ಮಾಸ್ತರ ಕೀಬೋರ್ಡಿನ ಪಕ್ಕದಲ್ಲೇ ಇಟ್ಟಳು. ಮಾಸ್ತರು ತಾವೇ ಸರಿದು ಜಾಗ ಮಾಡಿಕೊಟ್ಟರು. ಮೊದಲು ಡೋಲು ಬಂತು, ದೂರದಲ್ಲಿ ಯಾರೋ ಬಾಗಿಲು ತಟ್ಟಿದಂತೆ. ಆಮೇಲೆ ಹತ್ತಿರ, ಆಮೇಲೆ ಬೆಂಚುಗಳ ಕಾಲಲ್ಲಿ, ಆಮೇಲೆ ಕೂತವರ ಎಲುಬಿನಲ್ಲಿ. ಮುಂದಿನ ಸಾಲಿನ ಒಬ್ಬ ಹಿರಿಯರು ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡರು. ಇಬ್ಬರು ಎದ್ದು ಹೊರಗೆ ನಡೆದರು. ಅದರ ಮೇಲೆ ಇಲಿ ಬಂತು. ಕುಂಟುವ ಇಲಿಯಲ್ಲ, ಓಡುವ ಇಲಿ. ಒಂದೊಂದು ಸುತ್ತಿಗೂ ಒಂದೊಂದು ಹಳೆಯ ಮೆಷಿನ್ನಿನ ಹಾಡು ಅದರ ಜೊತೆ ಸೇರಿಕೊಳ್ಳುತ್ತ ಹೋಯಿತು: ವಿಮಾನದ ಆಟದ್ದು, ಮೀನಿನ ಆಟದ್ದು, ಗೋಡೆ ಒಡೆಯುವ ಆಟದ್ದು. ಅಂಗಡಿಯ ಗೋಡೆಯುದ್ದಕ್ಕೂ ಯಾವ ಕ್ರಮದಲ್ಲಿ ನಿಂತಿದ್ದವೋ ಅದೇ ಕ್ರಮದಲ್ಲಿ. ಕೌಂಟರಮ್ಮನಿಗೆ ಹೇಳಿಕೊಡುವವರು ಬೇಕಾಗಿರಲಿಲ್ಲ. ಮಗ ಅಂಗಡಿಯ ಬಾಗಿಲು ತೆರೆದಿದ್ದ.

ಏರಿತು. ತುದಿಯಲ್ಲಿ ಎಲ್ಲವೂ ನಿಂತಿತು. ಮಂದಿರದಲ್ಲಿ ಅಂಥ ಮೌನವನ್ನು ಯಾರೂ ಕೇಳಿರಲಿಲ್ಲ. ಹಿಂದೆ ಕಪ್ಪು ಅಂಗಿಯವರು ಮಾತ್ರ ನೆಲಕ್ಕೆ ಒದ್ದರು. ಧಡ್! ಮುಂದಿನವರು ಬೆಚ್ಚಿ ತಿರುಗಿದರು. ಎರಡನೆಯ ಸಲ ಮಾಸ್ತರು ಕೀಬೋರ್ಡಿನ ಮರದ ಕಾಲಿಗೆ ಅಂಗೈಯಿಂದ ಬಡಿದರು. ಮೂರನೆಯ ಸಲ ಕೌಂಟರಮ್ಮ ತನ್ನ ನೋಯುವ ಮಂಡಿಯನ್ನು ಲೆಕ್ಕಿಸದೆ ಕಾಲೆತ್ತಿ ಒದ್ದಳು. ಸೊಂಟದವರೆಗೆ ನೋವು ಹರಿಯಿತು. ಇರಲಿ ಎಂದುಕೊಂಡಳು. ಆಮೇಲಾಮೇಲೆ ಯಾರು ಒದ್ದರು, ಯಾರು ಒದೆಯಲಿಲ್ಲ ಎಂದು ಹೇಳುವಂತಿರಲಿಲ್ಲ. ನೆಲವೇ ಹೇಳುತ್ತಿತ್ತು. ಭಾವ ಸ್ವಿಚ್ಚಿನ ಹಲಗೆಯ ಕೆಳಗೆ ಕೈಕಟ್ಟಿಕೊಂಡು ನಿಂತೇ ಇದ್ದರು. ಅವರ ಕಾಲು ಕದಲಲಿಲ್ಲ. ಆದರೆ ಗದ್ದ ನಡುಗುತ್ತಿತ್ತು.

ಹಾಡು ಮುಗಿಯುವ ಸೂಚನೆಯೇ ಇರಲಿಲ್ಲ. ಆಟದ ಹಾಡುಗಳ ರೀತಿಯೇ ಅದು. ಆಡುವವನು ಇರುವವರೆಗೂ ತಿರುಗಿ ತಿರುಗಿ ಬರಬೇಕು. ಸೀಟಿ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೌಂಟರಮ್ಮನ ಕಡೆ ನೋಡಿದಳು. ಕಣ್ಣು ಕೆಂಪಾಗಿತ್ತು.

"ಅಮ್ಮ, ಹೇಗೆ ನಿಲ್ಲಿಸ್ಲಿ? ಅವನೇ ಹೇಳಿಲ್ಲ."

"ನಿಲ್ಲಿಸ್ಬೇಡ. ಸ್ವಲ್ಪ ಸಣ್ಣ ಮಾಡು. ನಾನು ಪ್ರಾರ್ಥನೆ ಹೇಳ್ತೀನಿ, ಅದು ನಡೀತಾ ಇರ್ಲಿ."

ಮಂದಿರದಲ್ಲಿ ಪ್ರಾರ್ಥನೆ ಹೇಳಬೇಕಾದವರು ಅಧ್ಯಕ್ಷರು. ಕೌಂಟರಮ್ಮ ಯಾರನ್ನೂ ಕೇಳಲಿಲ್ಲ. ಮುಂದೆ ನಡೆದು, ಜನರಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿದಳು. ಕೂತವರು ಒಬ್ಬೊಬ್ಬರಾಗಿ ಎದ್ದು ನಿಂತ ಸದ್ದು ಕೇಳಿಸಿತು. ಡೋಲು ಆಕೆಯ ಪಾದದ ಕೆಳಗೆ ಮೆಲ್ಲಗೆ ಬಡಿಯುತ್ತಿತ್ತು. ಅದರ ಮೇಲೆ ಆಕೆ ಗಟ್ಟಿಯಾಗಿ ಹೇಳಿದಳು:

"ದೇವರೇ, ನನ್ನ ಮಗ ನಿನ್ನ ಹತ್ತಿರ ಬಂದಿದ್ದಾನೆ. ಅವನನ್ನು ನಾನು ಕಳಿಸಲಿಲ್ಲ. ನೀನು ಕರೆದೆ. ಯಾಕೆ ಎಂದು ಕೇಳದೆ ಬಿಡುವವಳಲ್ಲ ನಾನು, ಅದಕ್ಕೆ ಇನ್ನೊಂದು ದಿನ ಬರುತ್ತೇನೆ. ಇವತ್ತು ಅವನ ಸಲುವಾಗಿ ಬೇಡುತ್ತೇನೆ. ಅವನು ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಕ್ಷಮಿಸು. ಅವನು ಎಷ್ಟು ಜನರನ್ನು ಸಂತೋಷಪಡಿಸಿದನೋ ಅದನ್ನು ಮರೆಯಬೇಡ. ಅವನನ್ನು ತಿದ್ದಬೇಡ. ಇದ್ದ ಹಾಗೆಯೇ ಇಟ್ಟುಕೋ. ದಾರಿಯಲ್ಲಿ ಪೆಟ್ಟು ತಿಂದು ಬಂದಿದ್ದಾನೆ, ಮೈ ಸವರು. ಅವನ ಆತ್ಮಕ್ಕೆ ಶಾಂತಿ ಕೊಡು. ಅವನಿಗೆ ನಿದ್ದೆ ಬರುವಂಥ ಶಾಂತಿಯನ್ನು ಕೊಡು."